ಸೆಟಪ್ಪಕ್ಕನ ಅರ್ಧ ಮಿಲಿಮೀಟರ್

ಕಬ್ಬಿಣದ ಮೆಟ್ಟಿಲು, ನೀರಿನ ಟ್ಯಾಂಕಿನ ಕಾಲು, ಕಾಲುಸೇತುವೆ, ಇಂಥವುಗಳ ನಕ್ಷೆ ತಯಾರಿಸುವ ಆಫೀಸು ಅದು. ಮೂರು ಮಹಡಿ, ಇಪ್ಪತ್ತೆರಡು ಕಂಪ್ಯೂಟರು. ಅಷ್ಟಕ್ಕೂ ಒಬ್ಬಳೇ ದಿಕ್ಕು. ನಕ್ಷೆ ಬರೆಯುವ ಸಾಫ್ಟ್‌ವೇರ್ ಹಾಕುವುದು, ಹಾಕಿದ್ದು ಕೂರದಿದ್ದರೆ ಕೂರಿಸುವುದು, ಕೂತದ್ದು ಮುನಿಸಿಕೊಂಡರೆ ರಮಿಸುವುದು ಅವಳ ಕೆಲಸ. ‘ಸೆಟಪ್ ಹಾಕೋ ಅಕ್ಕ’ ಎನ್ನುವುದು ಜನರ ಬಾಯಲ್ಲಿ ಸವೆದು ಸವೆದು ‘ಸೆಟಪ್ಪಕ್ಕ’ ಆಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಇದೇನು ಮಹಾ ಕೆಲಸ, ‘ನೆಕ್ಸ್ಟ್ ನೆಕ್ಸ್ಟ್’ ಅಂತ ಒತ್ತುತ್ತಾ ಹೋದರಾಯಿತಲ್ಲ ಎನ್ನುವವರಿದ್ದಾರೆ. ಅಂಥವರನ್ನು ಹಿಡಿದು ತಂದು ಒಂದು ದಿನ, ಒಂದೇ ಒಂದು ದಿನ, ಅವಳ ಕುರ್ಚಿಯಲ್ಲಿ ಕೂರಿಸಬೇಕು. ಎಂಜಿನಿಯರಿಂಗ್ ಸಾಫ್ಟ್‌ವೇರ್ ಎನ್ನುವುದು ಫೋನಿಗೆ ಹಾಕಿಕೊಳ್ಳುವ ಆಟವಲ್ಲ. ಎರಡು ಗಂಟೆ ಕಾಯಿಸಿ, ತೊಂಬತ್ತೊಂಬತ್ತು ಪರ್ಸೆಂಟ್ ತನಕ ಬಂದು, ಅಲ್ಲಿ ನಿಂತು, ಇಲ್ಲ ಅಂದುಬಿಡುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಹೇಳಿದರೂ ಒಂದು ನಂಬರು ಎಸೆಯುತ್ತದೆ, ಅಷ್ಟೆ. ಒಮ್ಮೆ ಎರಡನೇ ಮಹಡಿಯ ಒಂದು ಮೆಷಿನ್ ಜಪ್ಪಯ್ಯ ಅಂದರೂ ಲೈಸೆನ್ಸ್ ಒಪ್ಪಲಿಲ್ಲ. ಕಂಪನಿಯವರು ಬಂದರು, ಹೋದರು. ಕೊನೆಗೆ ಅಕ್ಕ ನೋಡುತ್ತಾಳೆ, ಆ ಮೆಷಿನ್ನಿನ ಗಡಿಯಾರ ಒಂದು ವರ್ಷ ಮುಂದಿದೆ. ಅದರ ಲೆಕ್ಕದಲ್ಲಿ ಲೈಸೆನ್ಸ್ ಎಂದೋ ಸತ್ತಿತ್ತು. ತಾರೀಖು ಸರಿ ಮಾಡಿ ಎದ್ದು ಬಂದಳು. ಅದಕ್ಕೆ ಅವಳಿಗೆ ಹಿಡಿದದ್ದು ಅರ್ಧ ನಿಮಿಷ. ಅದನ್ನು ಹುಡುಕಲು ಹಿಡಿದದ್ದು ಮೂರು ದಿನ.

ಅವಳ ಕೆಲಸದ ಗುಟ್ಟು ಇಷ್ಟೇ: ಸಾಫ್ಟ್‌ವೇರ್ ಹಾಕುವಾಗ ಮೆಷಿನ್ ತಾನು ಮಾಡಿದ ಒಂದೊಂದು ಕೆಲಸವನ್ನೂ ಒಂದು ಫೈಲಿನಲ್ಲಿ ಸಾಲು ಸಾಲಾಗಿ ಬರೆದಿಡುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಸಾವಿರಾರು ಸಾಲು. ಉಳಿದವರು ಅದರ ಕೊನೆಯ ಸಾಲು ನೋಡಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ಏಕೆಂದರೆ ಕೊನೆಯ ಸಾಲಿನಲ್ಲಿ ‘ಆಗಲಿಲ್ಲ’ ಎಂದಿರುತ್ತದೆ. ಅಕ್ಕ ಮೇಲಿನಿಂದ ಓದುತ್ತಾ ಬರುತ್ತಾಳೆ. ಮೊದಲು ಎಡವಿದ್ದು ಎಲ್ಲಿ, ಅದನ್ನು ಹುಡುಕುತ್ತಾಳೆ. ಆಮೇಲಿನದೆಲ್ಲ ಬಿದ್ದಮೇಲೆ ಉರುಳಿದ್ದು, ಅದನ್ನು ನೋಡಿ ಏನು ಪ್ರಯೋಜನ ಎನ್ನುತ್ತಾಳೆ.

ಅವಳೇನು ಕಂಪ್ಯೂಟರ್ ಓದಿದವಳಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಆ ಆಫೀಸಿಗೆ ಬಂದದ್ದು ಟ್ರೇಸರ್ ಆಗಿ. ದೊಡ್ಡ ಮೇಜಿನ ಮೇಲೆ ನಕ್ಷೆ ಹರಡಿ, ಮೇಲೆ ತೆಳ್ಳನೆಯ ಕಾಗದ ಹಾಸಿ, ಇಂಕಿನಲ್ಲಿ ಗೆರೆ ತಿದ್ದುವ ಕೆಲಸ. ಕಲಿಸಿದವರು ಮೇಷ್ಟ್ರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ, ಆಫೀಸಿನ ಹಿರಿಯ ಡ್ರಾಫ್ಟ್ಸ್‌ಮನ್. ಬಂದವರಿಗೆಲ್ಲ ಕಲಿಸಿ ಕಲಿಸಿ ಆ ಹೆಸರು ಅಂಟಿತ್ತು. ಗೆರೆ ಒಂದು ಕೂದಲಷ್ಟು ದಪ್ಪವಾದರೂ ಹಾಳೆ ಹರಿದು ಹಾಕಿ, “ಇನ್ನೊಂದ್ಸಲ,” ಅನ್ನುತ್ತಿದ್ದರು. ಅಕ್ಕ ಮೊದಲ ತಿಂಗಳು ದಿನಾ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಿದ್ದಳು.

ಆಮೇಲೆ ಕಂಪ್ಯೂಟರ್ ಬಂತು. ಟ್ರೇಸರ್‌ಗಳಿಗೆ ಕೆಲಸ ಇಲ್ಲವಾಯಿತು. ಆರು ಜನರಲ್ಲಿ ಐವರು ಮನೆಗೆ ಹೋದರು. ಆರನೆಯವಳನ್ನು ಕಳಿಸಲು ಹೊರಟಾಗ ಮೇಷ್ಟ್ರು ಅಡ್ಡ ನಿಂತರು. “ಆ ಡಬ್ಬಿಗಳನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ, ಇವಳೇ ನೋಡ್ಕೊಳ್ಲಿ. ಇವಳಿಗೆ ಓದೋ ತಾಳ್ಮೆ ಇದೆ,” ಎಂದರು. ಅವಳಿಗೆ ಆಗ ಮೌಸ್ ಯಾವ ಕಡೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಜೊತೆ ಬಂದ ದಪ್ಪ ಪುಸ್ತಕಗಳನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಓದಿದಳು. ಮದುವೆಯಾದ ಹೊಸತರಲ್ಲಿ ಗಂಡ, “ನನ್ನ ಮುಖ ಯಾವಾಗ ನೋಡ್ತೀಯೇ?” ಎಂದು ಕೇಳಿದ್ದನಂತೆ. “ಅಧ್ಯಾಯ ಮುಗೀಲಿ ತಡೀರಿ,” ಎಂದಿದ್ದಳಂತೆ.

ಹೀಗೆ ಮೂವತ್ತು ವರ್ಷ ಕಳೆಯಿತು. ಮೇಷ್ಟ್ರಿಗೆ ಕೆಲಸ ಮುಗಿಯಲು ಹನ್ನೊಂದು ತಿಂಗಳು ಉಳಿದಿರುವಾಗ ಈ ಕಥೆ ಶುರುವಾಗುತ್ತದೆ.

ವರ್ಕ್‌ಶಾಪಿನಿಂದ ಒಂದು ದೂರು ಬಂತು. ಯಾವುದೋ ಗೋದಾಮಿಗೆ ಮಾಡಿದ ಮೆಟ್ಟಿಲಿನ ಎರಡು ತುಂಡು ಒಂದಕ್ಕೊಂದು ಕೂಡುತ್ತಿಲ್ಲ. ಬೋಲ್ಟಿನ ತೂತುಗಳು ಮೊದಲು ಸರಿ ಇವೆ, ಕೊನೆಗೆ ಬರುವಷ್ಟರಲ್ಲಿ ನಾಲ್ಕು ಮಿಲಿಮೀಟರ್ ತಪ್ಪಿವೆ. ವಿಚಿತ್ರವೆಂದರೆ, ಚೆಕಿಂಗ್ ಎಂಜಿನಿಯರ್ ತನ್ನ ಕಂಪ್ಯೂಟರಿನಲ್ಲಿ ಅದೇ ನಕ್ಷೆ ತೆರೆದು ನೋಡಿದರೆ ಅಳತೆ ಎಲ್ಲ ಸರಿ. ವರ್ಕ್‌ಶಾಪಿನವರ ಕೈಯಲ್ಲಿರುವ ಕಾಗದದಲ್ಲಿ ತಪ್ಪು. ಒಂದೇ ನಕ್ಷೆ, ಪರದೆಯ ಮೇಲೊಂದು ಅಂಕಿ, ಕಾಗದದ ಮೇಲೊಂದು. ಎಲ್ಲರೂ ಕೂಡಿ ತೀರ್ಮಾನ ಮಾಡಿದರು, ಇದು ಸಾಫ್ಟ್‌ವೇರ್ ದೋಷ.

ಡೈರೆಕ್ಟರು ಅಕ್ಕನನ್ನು ಕರೆಸಿದರು. “ಹೊಸ ವರ್ಷನ್ ತರಿಸಿದೀನಿ. ಇಪ್ಪತ್ತೆರಡು ಮೆಷಿನ್ನಿಗೂ ಈ ವಾರದಲ್ಲಿ ಹಾಕ್ಬಿಡಿ. ಹಾಕಿ, ಹಳೇದರಲ್ಲಿ ದೋಷ ಇತ್ತು, ಹೊಸದರಲ್ಲಿ ಸರಿಹೋಗಿದೆ ಅಂತ ಒಂದು ಪುಟ ಬರೆದುಕೊಡಿ. ಗೋದಾಮಿನವರಿಗೆ ಅದನ್ನೇ ಕಳಿಸ್ತೀನಿ. ಅಲ್ಲಿಗೆ ಮುಗೀತು.”

“ಆಗ್ಲಿ ಸಾರ್,” ಎಂದಳು.

ಇಪ್ಪತ್ತೊಂದು ಮೆಷಿನ್ ಎರಡೇ ದಿನದಲ್ಲಿ ಮುಗಿದವು. ಇಪ್ಪತ್ತೆರಡನೆಯದು ಮೇಷ್ಟ್ರದು. ಅದು ಹಟ ಹಿಡಿಯಿತು. ಒಂದು ಸಲ ಹಾಕಿದಳು, ಆಗಲಿಲ್ಲ. ಹಳೆಯದರ ಚೂರುಪಾರು ಗುಡಿಸಿ ಮತ್ತೆ ಹಾಕಿದಳು, ಆಗಲಿಲ್ಲ. ವೈರಸ್ ಕಾಯುವ ಪ್ರೋಗ್ರಾಂ ನಿಲ್ಲಿಸಿ ನೋಡಿದಳು, ಪರದೆಯ ಡ್ರೈವರ್ ಬದಲಾಯಿಸಿ ನೋಡಿದಳು, ಊಹೂಂ. ಪಕ್ಕದ ಮೇಜಿನವನು, “ಅಕ್ಕಾ, ಮೇಷ್ಟ್ರಿಗೂ ವಯಸ್ಸಾಯ್ತು, ಮೆಷಿನ್ನಿಗೂ ವಯಸ್ಸಾಯ್ತು. ಇಬ್ಬರಿಗೂ ಒಟ್ಟಿಗೆ ಹಾರ ಹಾಕಿ ಕಳಿಸಿಬಿಡೋಣ,” ಎಂದು ಹಲ್ಲು ಕಿರಿದ. ಅಕ್ಕ ನಗಲಿಲ್ಲ.

ಹೀಗೇ ಎರಡು ದಿನ ಕಳೆದು ಮೂರನೆಯ ದಿನ ಬಂತು. ಮೇಷ್ಟ್ರು ಆ ಮಧ್ಯಾಹ್ನ ಬ್ಯಾಂಕಿನ ಕೆಲಸವಿದೆಯೆಂದು ಅರ್ಧ ದಿನ ರಜೆ ಹಾಕಿದ್ದರು. ಬ್ಯಾಂಕೂ ಇಲ್ಲ, ಏನೂ ಇಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಾರೆಂದು ಆ ಮೂರು ಮಹಡಿಯಲ್ಲಿ ಗೊತ್ತಿದ್ದದ್ದು ಅಕ್ಕನೊಬ್ಬಳಿಗೇ.

ಎರಡು ವರ್ಷದ ಹಿಂದೆ ಒಂದು ದಿನ ಮೇಷ್ಟ್ರು ಅವಳನ್ನು ಕಿಟಕಿಯ ಹತ್ತಿರ ಕರೆದು, ತಗ್ಗಿದ ದನಿಯಲ್ಲಿ, “ನೋಡಮ್ಮ, ನಡುವೆ ಮಸುಕು ಮಸುಕಾಗ್ತಿದೆ. ಅಂಚು ಕಾಣುತ್ತೆ, ನಡುವೆ ಕಾಣಲ್ಲ. ಔಷಧಿ ಇಲ್ವಂತೆ. ಯಾರಿಗೂ ಹೇಳ್ಬೇಡ,” ಎಂದಿದ್ದರು. ಅಷ್ಟು ವರ್ಷದಲ್ಲಿ ಅವರು ಅವಳ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಹಾಕಿಕೊಂಡು, ಅವರ ಮೆಷಿನ್ನಿನ ಮುಂದೆ ಕೂತು, ಅವರ ಕಣ್ಣಿಗೆ ತಕ್ಕಂತೆ ಒಂದೊಂದನ್ನೇ ಬದಲಾಯಿಸಿದಳು. ಪರದೆಯ ಹಿನ್ನೆಲೆ ಕಪ್ಪು, ಗೆರೆ ಹಳದಿ ಮತ್ತು ದಪ್ಪ, ಅಕ್ಷರ ದೊಡ್ಡದು. ಆ ಬದಲಾವಣೆಗಳೆಲ್ಲ ಅವರ ಹೆಸರಿನ ಒಂದು ಫೋಲ್ಡರಿನಲ್ಲಿದ್ದವು. ಸಾಫ್ಟ್‌ವೇರ್ ಬದಲಾದಾಗಲೆಲ್ಲ ಆ ಫೋಲ್ಡರನ್ನು ಜೋಪಾನವಾಗಿ ಹೊಸದಕ್ಕೆ ಹೊತ್ತು ತರುತ್ತಿದ್ದಳು.

ಈಗ ಲಾಗ್ ಮೇಲಿನಿಂದ ಓದುತ್ತಾ ಬಂದವಳು ನಾಲ್ಕು ಸಾವಿರ ಚಿಲ್ಲರೆ ಸಾಲು ದಾಟಿ ಒಂದು ಕಡೆ ನಿಂತಳು. ಮೊದಲು ಎಡವಿದ್ದು ಅಲ್ಲಿ. ಆ ಫೋಲ್ಡರ್. ಎರಡು ವರ್ಷದಿಂದ ಅವಳೇ ಹೊತ್ತು ತಂದ ಫೋಲ್ಡರ್ ಹೊಸ ವರ್ಷನ್ನಿಗೆ ಸೇರುತ್ತಿರಲಿಲ್ಲ. ಅದನ್ನು ಪಕ್ಕಕ್ಕೆ ತೆಗೆದಿಟ್ಟಳು. ಮತ್ತೆ ಸೆಟಪ್ ಕೊಟ್ಟಳು. ಮೂರು ದಿನ ಜೀವ ತಿಂದದ್ದು ಹನ್ನೆರಡು ನಿಮಿಷದಲ್ಲಿ ಕೂತುಬಿಟ್ಟಿತು. ಥೂ, ಇಷ್ಟಕ್ಕಾ ಎಂದುಕೊಂಡಳು.

ಹಾಕಿದ್ದು ಸರಿಯಾಗಿ ನಡೆಯುತ್ತಿದೆಯೇ ನೋಡಲು ಮೇಷ್ಟ್ರ ಹಳೆಯ ನಕ್ಷೆಯೊಂದನ್ನು ತೆರೆಯಬೇಕಲ್ಲ. ಕೈಗೆ ಸಿಕ್ಕಿದ್ದು ಗೋದಾಮಿನ ಮೆಟ್ಟಿಲೇ. ತೆರೆದಳು. ತೂತಿನಿಂದ ತೂತಿಗೆ ನೂರ ಹನ್ನೆರಡೂವರೆ ಮಿಲಿಮೀಟರ್. ವರ್ಕ್‌ಶಾಪಿನಿಂದ ವಾಪಸು ಬಂದ ಕಾಗದ ಪಕ್ಕದಲ್ಲೇ ಬಿದ್ದಿತ್ತು. ಅದರಲ್ಲಿ ನೂರ ಹದಿಮೂರು.

 ಅಕ್ಕ ಪಕ್ಕಕ್ಕಿಟ್ಟ ಹಳೆಯ ಫೋಲ್ಡರನ್ನು ತೆರೆದು ತಾನೇ ಮಾಡಿದ ಬದಲಾವಣೆಗಳ ಪಟ್ಟಿ ನೋಡಿದಳು. ಎಂಟು ತಿಂಗಳ ಹಿಂದೆ ಮೇಷ್ಟ್ರು, “ಅಳತೆ ಅಂಕಿಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣ್ತವೆ ಕಣಮ್ಮ,” ಎಂದಾಗ, ಜಾಗ ಉಳಿದು ಅಂಕಿ ಇನ್ನೂ ದೊಡ್ಡದಾಗಲಿ ಎಂದು ಅವಳು ದಶಾಂಶ ತೆಗೆದುಹಾಕಿದ್ದಳು. ಪರದೆಯ ಮೇಲೆ ಮಾತ್ರ ಎಂದುಕೊಂಡಿದ್ದಳು. ಪರದೆಯ ಮೇಲೆ ಮಾತ್ರ ಆಗಿರಲಿಲ್ಲ. ಆ ಮೆಷಿನ್ನಿನಿಂದ ಪ್ರಿಂಟ್ ಕೊಟ್ಟ ಕಾಗದದ ಮೇಲೂ ಅಂಕಿ ದುಂಡಾಗಿಯೇ ಬರುತ್ತಿತ್ತು. ನೂರ ಹನ್ನೆರಡೂವರೆ ನೂರ ಹದಿಮೂರಾಗಿ. ಒಂದು ತೂತಿಗೆ ಅರ್ಧ ಮಿಲಿಮೀಟರ್. ಒಂಬತ್ತು ತೂತಿನ ಸಾಲಿನಲ್ಲಿ ಎಂಟು ಅಂತರ, ನಾಲ್ಕು ಮಿಲಿಮೀಟರ್. ಅದಕ್ಕೆ ಕೂಡಬೇಕಾದ ಇನ್ನೊಂದು ತುಂಡಿನ ನಕ್ಷೆ ಬೇರೆ ಮೆಷಿನ್ನಿನಿಂದ ಪ್ರಿಂಟ್ ಆಗಿತ್ತು, ಅದರ ಅಳತೆ ಸರಿಯಾಗಿತ್ತು. ಉಳಿದ ಮೆಷಿನ್ನುಗಳಲ್ಲಿ ನೋಡಿದವರಿಗೆ ಎಲ್ಲ ಸರಿಯಾಗಿ ಕಾಣುತ್ತಿತ್ತು, ಏಕೆಂದರೆ ಅವರ ಕಣ್ಣು ಸರಿ ಇತ್ತು, ಅವರಿಗೆ ಆ ಫೋಲ್ಡರ್ ಇರಲಿಲ್ಲ.

ಸಾಫ್ಟ್‌ವೇರಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ದೋಷ ಅವಳದು. 

ಆಮೇಲೆ, ಎಂಟು ತಿಂಗಳಲ್ಲಿ ಆ ಮೆಷಿನ್ನಿನಿಂದ ಹೋದ ಪ್ರಿಂಟುಗಳ ಪಟ್ಟಿ ತೆಗೆದಳು. ಮೇಷ್ಟ್ರು ಈಚೆಗೆ ಕಡಿಮೆ ಕೆಲಸ ಮಾಡುತ್ತಿದ್ದರು, ಅದೊಂದು ಪುಣ್ಯ. ಅರ್ಧ ಮಿಲಿಮೀಟರಿನ ಅಳತೆ ಇದ್ದದ್ದು ಮೂರೇ ಕೆಲಸದಲ್ಲಿ. ಗೋದಾಮಿನ ಮೆಟ್ಟಿಲು ವರ್ಕ್‌ಶಾಪಿನಲ್ಲೇ ಸಿಕ್ಕಿಬಿದ್ದಿತ್ತು. ಒಂದು ಟ್ಯಾಂಕಿನ ಕಾಲಿಗೆ ಇನ್ನೂ ಕಬ್ಬಿಣ ಕತ್ತರಿಸಿರಲಿಲ್ಲ. ಮೂರನೆಯದು ಕಾಲುಸೇತುವೆ. ಒಂದು ನೂಲಿನ ಗಿರಣಿಯ ಎರಡು ಕಟ್ಟಡಗಳ ನಡುವೆ, ಮೂರನೇ ಮಹಡಿಯ ಎತ್ತರದಲ್ಲಿ. ಅದನ್ನು ಕಟ್ಟಿ ನಿಲ್ಲಿಸಿ ಆಗಲೇ ಎರಡು ತಿಂಗಳಾಗಿತ್ತು. ಅಲ್ಲಿಂದ ಒಂದು ದೂರೂ ಬಂದಿರಲಿಲ್ಲ.

ದೂರು ಬಾರದ್ದೇ ಅವಳಿಗೆ ಹೆದರಿಕೆ. ತೂತು ತಪ್ಪಿರಲೇಬೇಕು, ಆದರೂ ಸೇತುವೆ ನಿಂತಿದೆ. ಸೇತುವೆ ನಿಲ್ಲಿಸಿದ ಫೋರ್‌ಮನ್ನಿಗೆ ಫೋನ್ ಮಾಡಿದಳು. ಅವನು ಮೊದಲು ಅದೂ ಇದೂ ಮಾತಾಡಿ ಜಾರಿಕೊಳ್ಳಲು ನೋಡಿದ.

“ಅಣ್ಣಾ, ನಿಮ್ಮ ಮೇಲೆ ತಪ್ಪು ಹೊರಿಸೋಕೆ ಕೇಳ್ತಿಲ್ಲ. ತಪ್ಪು ಇಲ್ಲೇ ಆಗಿದೆ. ನಿಜ ಹೇಳಿ, ಬೋಲ್ಟು ಹೇಗೆ ಕೂರಿಸಿದ್ರಿ?”

 “ಏನ್ ಮಾಡೋದಕ್ಕಾ, ಕ್ರೇನ್ ಬಂದು ನಿಂತಿತ್ತು. ಎರಡೂ ತುದಿಯಲ್ಲಿ ಕೊನೇ ಮೂರು ಮೂರು ತೂತು ಕೂಡ್ಲಿಲ್ಲ. ಗ್ಯಾಸ್ ಕಟರ್ ಹಿಡಿದು ಅಗಲ ಮಾಡಿದ್ವಿ. ವಾಷರ್ ಹಾಕಿ ಬಿಗಿ ಮಾಡಿದೀವಿ, ಮೇಲ್ನೋಟಕ್ಕೆ ಗೊತ್ತೇ ಆಗಲ್ಲ,” ಎಂದ.

“ಅದರ ಮೇಲೆ ಎಷ್ಟು ಜನ ಓಡಾಡ್ತಾರೆ?”

“ಪಾಳಿ ಬದಲಾಗೋ ಹೊತ್ತಿಗೆ ಇನ್ನೂರು ಜನ ಒಟ್ಟಿಗೇ ದಾಟ್ತಾರೆ. ದಿನಕ್ಕೆ ಮೂರು ಸಲ.”

ಗೆರೆ ತಿದ್ದಿ ಬೆಳೆದವಳಿಗೆ ಇದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಂಕಿಯಿಂದ ಅಗಲ ಮಾಡಿದ ತೂತಿನಲ್ಲಿ ಬೋಲ್ಟು ಇವತ್ತು ಗಟ್ಟಿಯಾಗಿರುತ್ತದೆ. ದಿನಕ್ಕೆ ಮೂರು ಸಲ ಇನ್ನೂರು ಜನ ನಡೆದರೆ ಸಡಿಲವಾಗುತ್ತದೆ. ಯಾವತ್ತು ಎಂದು ಯಾರೂ ಹೇಳಲಾರರು. ನಾಳೆಯೂ ಆಗಬಹುದು.

ತಪ್ಪನ್ನು ಸಾಫ್ಟ್‌ವೇರ್ ಮೇಲೆ ಹಾಕಿಬಿಟ್ಟರಾಯಿತು ಎಂದು ಅವಳಿಗೆ ಹೊಳೆಯಲಿಲ್ಲ ಎಂದುಕೊಳ್ಳಬೇಡಿ. ಹೊಳೆಯಿತು, ಚೆನ್ನಾಗಿಯೇ ಹೊಳೆಯಿತು. ಡೈರೆಕ್ಟರು ಕೇಳಿದ್ದೂ ಅದನ್ನೇ. ಆದರೆ ಹಳೆಯ ವರ್ಷನ್ನಿನಲ್ಲೇ ದೋಷ ಎಂದರೆ ಇಪ್ಪತ್ತೆರಡು ಮೆಷಿನ್ನಿನ ನೂರಾರು ನಕ್ಷೆಗಳೂ ಅನುಮಾನಕ್ಕೆ ಬರುತ್ತವೆ. ಅಷ್ಟನ್ನೂ ಯಾರು ನೋಡುತ್ತಾರೆ? ಯಾರೂ ನೋಡುವುದಿಲ್ಲ. ಸೇತುವೆ ಹಾಗೇ ಇರುತ್ತದೆ. ಇಲ್ಲ, ಮೇಷ್ಟ್ರ ಮೆಷಿನ್ನಿನ ಮೂರು ನಕ್ಷೆ ಮಾತ್ರ ನೋಡಿ ಎಂದು ಹೇಳಿದರೆ, ಅದೊಂದೇ ಯಾಕೆ ಎಂದು ಕೇಳುತ್ತಾರೆ. ಆ ‘ಯಾಕೆ’ಗೆ ಉತ್ತರ ಮೇಷ್ಟ್ರ ಕಣ್ಣು. ಕಣ್ಣು ಕಾಣದ ಡ್ರಾಫ್ಟ್ಸ್‌ಮನ್ನನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ನಲವತ್ತು ವರ್ಷ ತಲೆಯೆತ್ತಿ ನಡೆದ ಮನುಷ್ಯ ಹನ್ನೊಂದು ತಿಂಗಳು ಮೊದಲು ತಲೆತಗ್ಗಿಸಿಕೊಂಡು ಆ ಬಾಗಿಲು ದಾಟಬೇಕು. ಅವಳನ್ನು ಬೀದಿಪಾಲಾಗದಂತೆ ಹಿಡಿದು ನಿಲ್ಲಿಸಿದವರೇ ಅವರು.

ಸಂಜೆ ಮನೆಗೆ ಬಂದವಳ ಮುಖ ನೋಡಿಯೇ ಗಂಡನಿಗೆ ಗೊತ್ತಾಯಿತು. ಅವನು ಸಿಟಿ ಬಸ್ಸಿನ ಡ್ರೈವರ್. ಮಾತು ಕಡಿಮೆ. ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳಿದ.

“ನಿನ್ನ ಕೆಲಸ ಹೋಗುತ್ತಾ?”

“ಹೋಗ್ಬಹುದು ರೀ.”

“ಹಾಗಿದ್ರೆ ಸುಮ್ನಿದ್ದುಬಿಡು. ಫೋರ್‌ಮನ್ನಿಗೇ ಗುಟ್ಟಾಗಿ ಹೇಳು, ಬಿಗಿ ಮಾಡ್ಕೊಳ್ಲಿ. ಮೇಷ್ಟ್ರ ಮರ್ಯಾದೇನೂ ಉಳಿಯುತ್ತೆ, ನಿಂದೂ ಉಳಿಯುತ್ತೆ.”

“ಬಿಗಿ ಮಾಡಿದ್ರೆ ಸಾಲದು ರೀ. ತುದಿಯ ಪ್ಲೇಟುಗಳನ್ನೇ ಬದಲಾಯಿಸ್ಬೇಕು. ಸೇತುವೆ ಮುಚ್ಚಬೇಕು. ಗುಟ್ಟಾಗಿ ಆಗೋ ಕೆಲಸ ಅಲ್ಲ ಅದು.”

ಅವನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.  ಬೆಳಗ್ಗೆ ಐದೂವರೆಗೆ ಡ್ಯೂಟಿಗೆ ಹೊರಟವನು ಚಪ್ಪಲಿ ಹಾಕಿಕೊಂಡು, ಬಾಗಿಲ ತನಕ ಹೋಗಿ, ಮತ್ತೆ ತಿರುಗಿ ಬಂದ. “ಹೇಳಿಬಿಡು ಕಣೇ. ನಾನು ದಿನಾ ಅರವತ್ತು ಜನರನ್ನ ಕೂರಿಸ್ಕೊಂಡು ಹೋಗ್ತೀನಿ. ಬ್ರೇಕ್ ಸರಿ ಇಲ್ಲ ಅಂತ ಡಿಪೋದಲ್ಲಿ ಒಬ್ಬನಿಗೆ ಗೊತ್ತಿದ್ದು, ಅವನು ಯಾರ ಮರ್ಯಾದೆಗೋ ಸುಮ್ನಿದ್ದ ಅಂದ್ರೆ, ನಾನು ಅವನನ್ನ ಬಿಡ್ತಿರ್ಲಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿ, ಅವಳ ಮುಖ ನೋಡದೆ ಹೊರಟುಹೋದ.

ಅಕ್ಕ ಆಫೀಸಿಗೆ ಹೋಗಲಿಲ್ಲ. ನೇರ ಮೇಷ್ಟ್ರ ಮನೆಗೆ ಹೋದಳು. ಎರಡನೇ ಮಹಡಿಯ ಪುಟ್ಟ ಮನೆ. ಮೇಷ್ಟ್ರ ಹೆಂಡತಿ ಬಾಗಿಲು ತೆರೆದರು. ಮೇಷ್ಟ್ರು ಮೇಜಿನ ಮುಂದೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು, ಚಾಕುವಿನಿಂದ ಮೊದಲು ಅಂಚು ತಡವಿ ನೋಡಿಕೊಂಡು. ಆ ತಡವುವಿಕೆಯನ್ನು ಅವಳು ಬಾಗಿಲಲ್ಲೇ ನಿಂತು ನೋಡಿದಳು. ಬಂದ ದಾರಿಯಲ್ಲೇ ವಾಪಸು ಹೋಗಿಬಿಡಲೇ ಎನ್ನಿಸಿತು.

“ಏನಮ್ಮ, ಬೆಳಬೆಳಗ್ಗೆ? ನನ್ನ ಮೆಷಿನ್ ಸತ್ತುಹೋಯ್ತಾ?”

“ಇಲ್ಲ ಮೇಷ್ಟ್ರೆ. ಕೂತ್ಕೊಂಡ್ತು.”

“ಮತ್ತೆ ಯಾಕೆ ಮುಖ ಹಾಗೆ?”

“ನನ್ನ ಮುಖ ನಿಮಗೆ ಕಾಣುತ್ತಾ?”

“ಧ್ವನಿ ಕೇಳುತ್ತಲ್ಲ. ಹೇಳು.”

ಹೇಳಿದಳು. ಮೊದಲಿನಿಂದ, ಲಾಗ್ ಓದುವ ಹಾಗೆ, ಒಂದು ಸಾಲೂ ಬಿಡದೆ. ದಶಾಂಶ ತೆಗೆದದ್ದು, ಪ್ರಿಂಟು, ಮೂರು ನಕ್ಷೆ, ಗ್ಯಾಸ್ ಕಟರ್, ಇನ್ನೂರು ಜನ. ಮೇಷ್ಟ್ರು ಚಾಕು ಕೆಳಗಿಟ್ಟರು.

“ನೂರ ಹನ್ನೆರಡೂವರೆ,” ಎಂದರು. “ನಾನು ಹಾಕಿದ್ದು ನೂರ ಹನ್ನೆರಡೂವರೆ. ನನಗೆ ನೆನಪಿದೆ.”

“ನೀವು ಹಾಕಿದ್ದು ಸರಿ ಮೇಷ್ಟ್ರೆ. ಕಾಗದದ ಮೇಲೆ ಬಂದದ್ದು ತಪ್ಪು. ಮಾಡಿದ್ದು ನಾನು. ನಿಮ್ಮ ಕಣ್ಣಿನ ವಿಷಯ ಎತ್ತದೆ ಹೇಗಾದ್ರೂ ಬರೆಯೋಕಾಗುತ್ತಾ ಅಂತ ನಿನ್ನೆಯಿಂದ ತಲೆ ಕೆಡಿಸ್ಕೊಂಡಿದೀನಿ. ಆಗ್ತಿಲ್ಲ.”

“ಕಾಗದದ ಮೇಲೆ ಸಹಿ ಯಾರದು?”

ಅವಳು ಮೇಜಿನ ಮೇಲೆ ಬಿದ್ದಿದ್ದ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡಿದಳು.

“ಕೇಳ್ತಿದೀನಿ ಕಣಮ್ಮ. ಸಹಿ ಯಾರದು?”

“ನಿಮ್ಮದು.”

“ಪ್ರಿಂಟ್ ಬಂದ್ಮೇಲೆ ಪ್ರತಿಯೊಂದು ಅಳತೇನೂ ಕಾಗದದ ಮೇಲೆ ಓದಿ ಸಹಿ ಹಾಕ್ಬೇಕು ಅಂತ ನಿಮಗೆಲ್ಲ ಬಯ್ದು ಬಯ್ದು ಕಲಿಸಿದವನು ನಾನು. ಎಂಟು ತಿಂಗಳಿಂದ ನಾನು ಒಂದು ಕಾಗದ ಓದಿಲ್ಲ. ಓದೋಕೆ ಆಗ್ತಿರ್ಲಿಲ್ಲ. ಓದಿದ ಹಾಗೆ ಹಾಳೆ ಮೇಲೆ ಬೆರಳಾಡಿಸಿ ಸಹಿ ಹಾಕ್ತಿದ್ದೆ. ಅಕ್ಕಪಕ್ಕದವರು ನೋಡ್ಲಿ ಅಂತ.” ಅವರು ಬ್ರೆಡ್ಡಿನ ತಟ್ಟೆ ಪಕ್ಕಕ್ಕೆ ಸರಿಸಿದರು. “ನೀನು ಮಾಡಿದ್ದು ನನ್ನ ಮೇಲಿನ ಪ್ರೀತಿಗೆ. ನಾನು ಮಾಡಿದ್ದು ನಾಚಿಕೆಗೆ. ಎರಡೂ ಒಂದೇ ಅಂತ ತಿಳ್ಕೋಬೇಡ.”

ಮೇಷ್ಟ್ರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಮೇಷ್ಟ್ರು ಅವರ ಕಡೆ ತಿರುಗಿ, “ನನ್ನ ಶರಟು ಕೊಡು. ಇಸ್ತ್ರಿ ಮಾಡಿದ್ದು,” ಎಂದರು.

“ಮೇಷ್ಟ್ರೆ, ನೀವು ಬರೋದು ಬೇಡ. ನಾನೇ ಹೇಳ್ತೀನಿ.”

“ನನ್ನ ಕಣ್ಣಿನ ವಿಷಯ ನಿನ್ನ ಬಾಯಿಂದ ಯಾಕೆ ಬರ್ಬೇಕು? ನಡಿ.”

 ಬಸ್ಸಿನಿಂದ ಇಳಿಯುವಾಗ ಮೇಷ್ಟ್ರು ಅವಳ ತೋಳು ಹಿಡಿದುಕೊಂಡರು. ಆಫೀಸಿನ ಗೇಟಿನಿಂದ ಡೈರೆಕ್ಟರ ಕೋಣೆಯ ತನಕ, ಎಲ್ಲರೂ ನೋಡುತ್ತಿರುವಾಗ, ಆ ತೋಳು ಬಿಡಲಿಲ್ಲ. ಎರಡು ವರ್ಷ ಗೋಡೆ ಸವರಿಕೊಂಡು, ಮೇಜು ಎಣಿಸಿಕೊಂಡು, ಯಾರಿಗೂ ಗೊತ್ತಾಗದಂತೆ ಓಡಾಡಿದ ಮನುಷ್ಯ ಅಂದು ಬಹಿರಂಗವಾಗಿ ಕೈ ಹಿಡಿಸಿಕೊಂಡು ನಡೆದರು. ಹಾರದ ಮಾತಾಡಿದ್ದವನು ಕುರ್ಚಿಯಿಂದ ಎದ್ದು ನಿಂತ. ಯಾಕೆ ನಿಂತನೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ.

ಡೈರೆಕ್ಟರ ಕೋಣೆಯಲ್ಲಿ ಇಬ್ಬರೂ ತಪ್ಪು ನನ್ನದು ನನ್ನದು ಎಂದರು. ಡೈರೆಕ್ಟರು ಮೊದಲು ಅರ್ಥವಾಗದೆ, ಆಮೇಲೆ ಅರ್ಥವಾಗಿ ಕೆಂಡಾಮಂಡಲವಾದರು. “ಎರಡು ವರ್ಷ! ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೀರಿ! ಅಲ್ರೀ, ನಿಮ್ಮನ್ನ ನಂಬಿದ್ದೆ ನಾನು!” ಎಂದು ಮೇಜು ಗುದ್ದಿದರು. ಇಬ್ಬರೂ ಬಯ್ಗುಳವನ್ನು ನಿಂತೇ ಕೇಳಿಸಿಕೊಂಡರು. ಕೋಪ ಸ್ವಲ್ಪ ಇಳಿದ ಕೂಡಲೇ ಮೇಷ್ಟ್ರು, “ಬಯ್ಯೋದು ಆಮೇಲೂ ಬಯ್ಬಹುದು ಸಾರ್. ಎರಡು ಗಂಟೆಗೆ ಪಾಳಿ ಬದಲಾಗುತ್ತೆ. ಮೊದಲು ಗಿರಣಿಗೆ ಫೋನ್ ಮಾಡಿ,” ಎಂದರು.

ಡೈರೆಕ್ಟರು ಅವರನ್ನೊಮ್ಮೆ ದಿಟ್ಟಿಸಿ ನೋಡಿ, ಫೋನ್ ಎತ್ತಿದರು. ಆ ದಿನ ಎರಡು ಗಂಟೆಗೆ ಗಿರಣಿಯವರು ಮೆಟ್ಟಿಲಿಳಿದು, ಅಂಗಳ ದಾಟಿ, ಮತ್ತೆ ಮೆಟ್ಟಿಲು ಹತ್ತಿದರು. ಸೇತುವೆಯ ಎರಡೂ ಬಾಗಿಲಿಗೆ ಬೀಗ ಬಿತ್ತು. ಮಾರನೆಯ ದಿನ ಫೋರ್‌ಮನ್ ಬಿಚ್ಚಿ ನೋಡಿದರೆ, ಒಂದು ತುದಿಯ ಮೂರರಲ್ಲಿ ಎರಡು ಬೋಲ್ಟು ಕೈಯಲ್ಲೇ ತಿರುಗುತ್ತಿದ್ದವಂತೆ. 

ಮೇಷ್ಟ್ರು ಅದೇ ವಾರ ಕೆಲಸ ಬಿಟ್ಟರು. ಬಿಡಿ ಎಂದು ಡೈರೆಕ್ಟರು ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಹಾರ, ಭಾಷಣ ಯಾವುದೂ ಬೇಡವೆಂದು ಮೇಷ್ಟ್ರೇ ಹೇಳಿದ್ದರು. ಹೋಗುವ ಮುಂಚೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಅಳತೆ ಓದುತ್ತಾ ಹೋದ ಹಾಗೆ ತಾನು ಮನಸ್ಸಿನಲ್ಲೇ ಕೂಡಿ ತಾಳೆ ನೋಡಿ, ಹೊಸ ಪ್ಲೇಟುಗಳ ನಕ್ಷೆ ಮುಗಿಸಿಕೊಟ್ಟರು. ಕೊನೆಗೆ ಸಹಿ ಹಾಕುವ ಜಾಗ ಬಂದಾಗ, “ಇಲ್ಲಿ ಚೆಕಿಂಗ್ ಎಂಜಿನಿಯರ್ ಸಹಿ ಹಾಕ್ಲಿ,” ಎಂದು ಕಾಗದ ದೂಡಿದರು. ಅಕ್ಕನ ಕೆಲಸ ಹೋಗಲಿಲ್ಲ. ಲಿಖಿತವಾಗಿ ಒಂದು ಎಚ್ಚರಿಕೆ ಪತ್ರ ಬಂತು. ಅದು ಅನ್ಯಾಯವೆಂದು ಅವಳು ಯಾರ ಹತ್ತಿರವೂ ಹೇಳಲಿಲ್ಲ, ಏಕೆಂದರೆ ಅದು ಅನ್ಯಾಯವಾಗಿರಲಿಲ್ಲ.

ಮೂರು ವಾರ ಕಳೆದು ಹೊಸ ಪ್ಲೇಟುಗಳು ಗಿರಣಿಗೆ ಹೋದವು. ಕೂರಿಸುವ ದಿನ ನಕ್ಷೆ ಆಫೀಸಿನಿಂದ ಒಬ್ಬರು ಹೋಗಿ ನಿಂತು ನೋಡಬೇಕೆಂದು ಗಿರಣಿಯವರು ಪಟ್ಟು ಹಿಡಿದಿದ್ದರು. ಅಕ್ಕ ತಾನೇ ಹೋಗುತ್ತೇನೆಂದಳು. ಜೀವನದಲ್ಲಿ ಅಷ್ಟು ಎತ್ತರ ಹತ್ತಿದವಳಲ್ಲ, ಕಂಪ್ಯೂಟರ್ ಬಿಟ್ಟು ಬೇರೆ ಏನನ್ನೂ ಪರೀಕ್ಷೆ ಮಾಡಿದವಳಲ್ಲ. ಹೆಲ್ಮೆಟ್ಟು ಕಿವಿಯ ತನಕ ಇಳಿದಿತ್ತು. ಟೇಪು ಹಿಡಿದು ಒಂದೊಂದು ತೂತೂ ಅಳೆದಳು. ನೂರ ಹನ್ನೆರಡೂವರೆ. ಮತ್ತೆ ನೂರ ಹನ್ನೆರಡೂವರೆ. ಫೋರ್‌ಮನ್ ಬೋಲ್ಟುಗಳನ್ನು ಬೆರಳಲ್ಲೇ ಹಿಡಿದು ತಳ್ಳಿದ, ಒಂದೊಂದಾಗಿ ಒಳಗೆ ಹೋದವು. ಮೊದಲನೆಯದರಿಂದ ಒಂಬತ್ತನೆಯದರ ತನಕ, ಎರಡೂ ತುದಿಯಲ್ಲಿ. ಬಿಗಿ ಮಾಡಿ ಮುಗಿದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಬೀಗ ತೆಗೆದರು.

ಅಕ್ಕ ಕಂಬಿಗೆ ಒರಗಿ ನಿಂತು ಮೇಷ್ಟ್ರಿಗೆ ಫೋನ್ ಮಾಡಿದಳು.

“ಕೂತ್ಕೊಂಡ್ವಾ?” ಹಲೋ ಕೂಡ ಇಲ್ಲ.

“ಹದಿನೆಂಟಕ್ಕೆ ಹದಿನೆಂಟೂ ಮೇಷ್ಟ್ರೆ. ಒಂದಕ್ಕೂ ಸುತ್ತಿಗೆ ಮುಟ್ಟಿಸ್ಲಿಲ್ಲ.”

“ನೀನು ಅಳೆದ್ಯಾ? ನೀನೇ?”

“ನಾನೇ. ಎರಡೆರಡು ಸಲ.”

 ಇನ್ನೇನಾದರೂ ಹೇಳಬೇಕೆಂದು ಅಕ್ಕ ಹುಡುಕುತ್ತಿರುವಾಗಲೇ ಗಿರಣಿಯ ಸೈರನ್ ಕೂಗಿತು. ಎರಡೂ ಕಡೆಯ ಬಾಗಿಲು ತೆರೆದು ಜನ ನುಗ್ಗಿದರು. ಕೆಲಸ ಮುಗಿಸಿ ಮನೆಗೆ ಹೊರಟವರು, ಕೆಲಸಕ್ಕೆ ಬಂದವರು, ನಗುವವರು, ಜಗಳವಾಡುವವರು, ಊಟದ ಡಬ್ಬಿ ಬಗಲಲ್ಲಿಟ್ಟುಕೊಂಡವರು. ಕಂಬಿಗೆ ಅಂಟಿ ನಿಂತಿದ್ದ ಹೆಂಗಸನ್ನು ಯಾರೂ ಗಮನಿಸಲಿಲ್ಲ. ಅವಳು ಬಗ್ಗಿ ಫೋನನ್ನು ಕಬ್ಬಿಣದ ಹಾಸಿನ ಹತ್ತಿರ ಹಿಡಿದಳು. ಇನ್ನೂರು ಜನರ ಹೆಜ್ಜೆ ಸೇತುವೆಯ ಮೇಲೆ ಧಡಧಡ ಸದ್ದು ಮಾಡುತ್ತಾ ಹೋಗುತ್ತಿತ್ತು. ತುಸು ಹೊತ್ತಾದ ಮೇಲೆ ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, “ಕೇಳಿಸ್ತಾ ಮೇಷ್ಟ್ರೆ?” ಎಂದಳು.

ಮೇಷ್ಟ್ರು ಅಳುತ್ತಿದ್ದರು. ಅಳುತ್ತಲೇ, “ಫೋನ್ ಇಡಬೇಡ ಕಣಮ್ಮ,” ಎಂದರು. “ಎಲ್ಲಾರೂ ದಾಟ್ಲಿ.”